ಲಾಂಗ್ ಟರ್ಮ್‌ಗೆ ಹಾಕೋದಾ, ಬೇಡ್ವಾ?

ಜೂನ್ ಬಂತು ಅಂದರೆ ಮಂಡ್ಯದ ನೂರಡಿ ರಸ್ತೆಯಲ್ಲಿ ತಲೆ ಎತ್ತಿದ ಕಡೆಯೆಲ್ಲಾ ಮಕ್ಕಳ ಮುಖ. ಪಾಸ್‌ಪೋರ್ಟ್ ಸೈಜಿನ ಫೋಟೋ ಹಿಗ್ಗಿಸಿ ಹಾಕಿರುತ್ತಾರೆ, ಕೆಳಗೆ ದಪ್ಪ ಅಕ್ಷರದಲ್ಲಿ ನೀಟ್, ಅಂದರೆ ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆಯ ಅಂಕ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಹೋದರೂ ಇದೇ ಫ್ಲೆಕ್ಸು, ಇದೇ ನಗು. ಅದರಲ್ಲಿ ಹೆಸರಿರುತ್ತೆ, ರ‍್ಯಾಂಕ್ ಇರುತ್ತೆ, ಕೋಚಿಂಗ್ ಸೆಂಟರಿನ ಫೋನ್ ನಂಬರ್ ಎರಡೆರಡು ಇರುತ್ತೆ. ಆ ಮಗು ಎಷ್ಟನೇ ಸಲ ಬರೆದು ಅಷ್ಟು ತೆಗೆಯಿತು ಅನ್ನೋದು ಮಾತ್ರ ಇರಲ್ಲ. ಎರಡನೇ ಸಲವೋ ಮೂರನೇ ಸಲವೋ ಬರೆದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಅದನ್ನ ಮುಚ್ಚಿಟ್ಟರೆ ಫ್ಲೆಕ್ಸ್ ನೋಡುವ ಅಪ್ಪ ಅಮ್ಮಂದಿರು ದಾರಿ ತಪ್ಪುತ್ತಾರೆ. ಮೊದಲ ಸಲಕ್ಕೇ ಸೀಟು ತರದ ತಮ್ಮ ಮಗು ದಡ್ಡ ಅಂದುಕೊಳ್ಳುತ್ತಾರೆ. ಇಲ್ಲವೇ ಆ ಸೆಂಟರಿಗೆ ಸೇರಿಸಿ ಒಂದು ವರ್ಷ ಕೂರಿಸಿದರೆ ಸಾಕು, ಸೀಟು ತಾನಾಗೇ ಬರುತ್ತೆ ಅಂದುಕೊಳ್ಳುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಮನೆ ಮೈಸೂರಲ್ಲಿ, ಕಾಲೇಜು ಮಂಡ್ಯದಲ್ಲಿ. ಹಾಗಾಗಿ ಎರಡೂ ಊರಿನವರ ಪ್ರಶ್ನೆ ನನ್ನ ಕಿವಿಗೆ ಬೀಳುತ್ತೆ. ರೈಲಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಒಮ್ಮೆ ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಆರಿಸುತ್ತಾ ನಿಂತಿದ್ದಾಗಲೂ ಒಬ್ಬರು ಹಿಡಿದುಕೊಂಡರು. "ಮೇಡಂ, ಮಗನಿಗೆ ಸ್ವಲ್ಪದರಲ್ಲಿ ತಪ್ಪೋಯ್ತು. ಲಾಂಗ್ ಟರ್ಮ್‌ಗೆ ಹಾಕೋದಾ, ಬೇಡ್ವಾ?" ಲಾಂಗ್ ಟರ್ಮ್ ಅಂದರೆ ಪಿಯು ಮುಗಿದ ಮೇಲೆ ಎಲ್ಲೂ ಸೇರದೆ, ಮತ್ತೆ ನೀಟ್ ಬರೆಯೋಕೆ ಒಂದು ವರ್ಷ ಕೋಚಿಂಗ್‌ಗೆ ಕೂರೋದು. ಹೀಗೆ ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಆಗಲೇ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ನಾನು ತಲೆ ಆಡಿಸಿದರೆ ಸಾಕು. ಬೇಡ ಅಂದರೆ ಇನ್ನೊಬ್ಬ ಲೆಕ್ಚರರ್ ಹತ್ತಿರ ಹೋಗುತ್ತಾರೆ, ಅಷ್ಟೇ.

ಈ ಪ್ರಶ್ನೆ ಇಷ್ಟು ಕಾಡೋದಕ್ಕೆ ಒಂದು ಕಾರಣ ಇದೆ. ನೀಟ್ ಬಾಗಿಲು ಮುಚ್ಚೋದೇ ಇಲ್ಲ. ಎಷ್ಟು ಸಲ ಬೇಕಾದರೂ ಬರೀಬಹುದು, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಐಐಟಿಗೆ ಹೋಗುವವರ ಜೆಇಇ ಅಡ್ವಾನ್ಸ್ಡ್ ಹಾಗಲ್ಲ. ಸತತ ಎರಡು ವರ್ಷ, ಎರಡೇ ಅವಕಾಶ, ಮುಗೀತು. ಅದನ್ನ ಅನ್ಯಾಯ ಅನ್ನುವವರಿದ್ದಾರೆ. ನನಗಂತೂ ಅದು ಮಕ್ಕಳಿಗೆ ಮಾಡಿದ ಉಪಕಾರ ಅಂತಲೇ ಅನ್ನಿಸೋದು. ಜೆಇಇ ಮೇನ್ ಜನವರಿ, ಏಪ್ರಿಲ್ ಅಂತ ವರ್ಷಕ್ಕೆ ಎರಡು ಸಲ ನಡೆಯುತ್ತೆ, ಯಾವುದು ಜಾಸ್ತಿಯೋ ಅದು ಲೆಕ್ಕಕ್ಕೆ. ಅಲ್ಲಿ ಮತ್ತೆ ಬರೆಯೋದಾ ಬೇಡವಾ ಅಂತ ಯಾರೂ ನಿದ್ದೆಗೆಡಲ್ಲ. ನಮ್ಮ ರಾಜ್ಯದ ಸಿಇಟಿಯನ್ನೂ ಮತ್ತೆ ಬರೀಬಹುದು. ಆದರೆ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಪಿಯು ಅಂಕ ಕಡಿಮೆ ಇರುವ ಹುಡುಗ ಬರೀ ಸಿಇಟಿ ತಿದ್ದಿಕೊಳ್ಳೋಕೆ ಅಂತ ವರ್ಷ ಕೂತರೆ, ಉಳಿದರ್ಧ ಹೊರೆ ಹಾಗೇ ಬೆನ್ನ ಮೇಲಿರುತ್ತೆ. ಈ ಲೆಕ್ಕ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರಲ್ಲ. ನೀಟಿನಲ್ಲಿ ಪಿಯು ಅಂಕ ಬರೀ ಅರ್ಹತೆಗೆ. ಉಳಿದದ್ದೆಲ್ಲಾ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಡೆಯುವ ಮೂರು ತಾಸಿನ ಪರೀಕ್ಷೆ.

ರಫ್ ವರ್ಕ್ ಹೇಳುವ ಕಥೆ

2025ರ ಜೂನ್ ಕೊನೆಯಲ್ಲಿ ನಮ್ಮ ಕಾಲೇಜಿನ ಅಟೆಂಡರ್ ತಮ್ಮ ಬಾಮೈದನನ್ನೂ ಅವರ ಮಗಳನ್ನೂ ಸ್ಟಾಫ್ ರೂಮಿಗೆ ಕರೆದುಕೊಂಡು ಬಂದರು. ಕೆರಗೋಡು ಕಡೆಯ ಹಳ್ಳಿ. ಎರಡು ಎಕರೆ ಕಬ್ಬು, ಎರಡು ಹಸು. ಹುಡುಗಿ ಬೇರೆ ಕಾಲೇಜಿನಲ್ಲಿ ಓದಿದವಳು, ನನಗೆ ಪರಿಚಯ ಇರಲಿಲ್ಲ. ನೀಟಿನಲ್ಲಿ 720ಕ್ಕೆ 430 ಬಂದಿತ್ತು. ಅವಳಿಗೆ ಬೇಕಿದ್ದಿದ್ದು ಎಂಬಿಬಿಎಸ್, ಅದೂ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲೇ. ಅಜ್ಜಿಯನ್ನ ಅಲ್ಲಿಗೆ ಸೇರಿಸಿದ್ದಾಗ ವಾರ್ಡಿನಲ್ಲಿ ಓಡಾಡುತ್ತಿದ್ದ ಹೌಸ್ ಸರ್ಜನ್ ಹುಡುಗಿಯರನ್ನ ನೋಡಿದ್ದಳಂತೆ. 430ಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಆಯುರ್ವೇದ ಸಿಗುವ ಹಾಗಿತ್ತು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಅಂದರೆ 1908ರಿಂದ ನಡೆದುಕೊಂಡು ಬಂದಿರೋದು, ತಳ್ಳಿಹಾಕುವಂಥ ಸೀಟೇನೂ ಅಲ್ಲ.

ಅಪ್ಪ ಕುರ್ಚಿ ತುದಿಯಲ್ಲಿ ಕೂತರು. "ಯೋಳಿ ಮೇಡಂ, ಇನ್ನೊಂದ್ ವರ್ಸ ಕೂರ್ಸದಾ? ಇಲ್ಲ ಸಿಕ್ಕಿದ್ದಕ್ಕೆ ಸೇರ್ಸ್‌ಬುಡದಾ?" 430 ಅಂತ ಒಂದು ಸಂಖ್ಯೆ ಕೊಟ್ಟರೆ ಯಾರು ತಾನೇ ಏನು ಹೇಳಕ್ಕಾಗುತ್ತೆ? ಪ್ರಶ್ನೆಪತ್ರಿಕೆ ಇದೆಯೇನಮ್ಮಾ ಅಂದೆ. ನೀಟಿನಲ್ಲಿ ಉತ್ತರ ಗುರುತು ಮಾಡುವ ಓಎಂಆರ್ ಹಾಳೆ ವಾಪಸ್ ಕೊಡಬೇಕು, ಬುಕ್‌ಲೆಟ್ ಮನೆಗೆ ತರಬಹುದು. ಅವಳು ಅದನ್ನ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಓಎಂಆರ್ ಸ್ಕ್ಯಾನ್ ಕಾಪಿಯೂ ಕೀ ಆನ್ಸರೂ ಮೊಬೈಲಿನಲ್ಲಿ ಇತ್ತು.

ನನಗೆ ಅಂಕಪಟ್ಟಿಗಿಂತ ಈ ಬುಕ್‌ಲೆಟ್ ಮೇಲೆ ನಂಬಿಕೆ ಜಾಸ್ತಿ. ರಫ್ ವರ್ಕ್ ಸುಳ್ಳು ಹೇಳಲ್ಲ. ಬಯಾಲಜಿ ಪುಟಗಳು ಚೊಕ್ಕಟವಾಗಿದ್ದವು, ಅಲ್ಲೊಂದು ಇಲ್ಲೊಂದು ಗೆರೆ. ಕೆಮಿಸ್ಟ್ರಿಯಲ್ಲಿ ಲೆಕ್ಕ ಅಚ್ಚುಕಟ್ಟಾಗಿ ಶುರುವಾಗಿ ಪುಟದ ಕೊನೆಗೆ ಬರುವ ಹೊತ್ತಿಗೆ ಅಕ್ಷರ ಓಡುತ್ತಿತ್ತು. ಒಂದು ಪ್ರಶ್ನೆಯಲ್ಲಿ ತಪ್ಪು ಹೇಳಿಕೆ ಯಾವುದು ಅಂತ ಕೇಳಿದ್ದರೆ ಇವಳು ಸರಿಯಾದ ಹೇಳಿಕೆಗೆ ಸುತ್ತು ಹಾಕಿ ಬಂದಿದ್ದಳು. ಎರಡು ಪುಟ ಬಿಟ್ಟು ಅಂಥದ್ದೇ ಪ್ರಶ್ನೆಯಲ್ಲಿ ಆ ಪದದ ಕೆಳಗೆ ಎರಡು ಸಲ ಗೆರೆ ಎಳೆದು ಸರಿಯಾಗಿ ಬರೆದಿದ್ದಳು. ಅಂದರೆ ಅಷ್ಟರಲ್ಲಿ ಎಚ್ಚರ ಆಗಿತ್ತು. ಫಿಸಿಕ್ಸ್ ಪುಟಗಳಿಗೆ ಬಂದರೆ ಕಥೆಯೇ ಬೇರೆ. ಸೂತ್ರ ಬರೆದು ನಿಲ್ಲಿಸಿದ್ದು, ಹೊಡೆದು ಹಾಕಿದ್ದು, ಮತ್ತೆ ಅದೇ ಸೂತ್ರ. ಕೊನೆಗೆ ಪುಟಕ್ಕೆ ಪುಟ ಖಾಲಿ. 2025ರ ಫಿಸಿಕ್ಸ್ ಪೇಪರ್ ಎಂಥೆಂಥವರನ್ನೋ ಅಳಿಸಿತ್ತು, ನಿಜ. ಆದರೆ ಕಷ್ಟದ ಪೇಪರಿನಲ್ಲಿ ಒದ್ದಾಡಿದ್ದಕ್ಕೂ, ಪಾಠವೇ ಗೊತ್ತಿಲ್ಲದೆ ಒದ್ದಾಡಿದ್ದಕ್ಕೂ ರಫ್ ವರ್ಕಿನಲ್ಲಿ ವ್ಯತ್ಯಾಸ ಕಾಣುತ್ತೆ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. 180ರಲ್ಲಿ 118 ಸರಿ, 42 ತಪ್ಪು, 20 ಬಿಟ್ಟಿದ್ದು. ಸರಿಯಾದದ್ದಕ್ಕೆ ನಾಲ್ಕರಂತೆ 472, ತಪ್ಪಿಗೆ ಒಂದರಂತೆ 42 ಕಳೆದರೆ 430. ಆಮೇಲೆ ಕಳಕೊಂಡ 62 ಪ್ರಶ್ನೆಗಳನ್ನ ಒಂದೊಂದಾಗಿ ತೆಗೆದು, ಇದು ಯಾಕೆ ಹೋಯ್ತು ಅಂತ ಕೇಳುತ್ತಾ ಹೋದೆ. ಗೊತ್ತಿದ್ದೂ ಕೈತಪ್ಪಿದ್ದು 11. ಎರಡು ಉತ್ತರದ ಮಧ್ಯೆ ತೂಗಾಡಿ ತಪ್ಪಾದ ಕಡೆ ಬಿದ್ದಿದ್ದು 17. ಸರಿಯಾಗಿ ಕಲಿತೇ ಇರದದ್ದು 34. (ತೂಗಾಡಿದ ಗುಂಪಿನ ಬಗ್ಗೆ ಒಂದು ಮಾತು. ನೆಗೆಟಿವ್ ಮಾರ್ಕ್ಸ್ ಅಂತ ಮಕ್ಕಳನ್ನ ವಿಪರೀತ ಹೆದರಿಸಿರುತ್ತಾರೆ. ಲೆಕ್ಕ ಹಾಕಿ ನೋಡಿ, ನಾಲ್ಕರಲ್ಲಿ ಎರಡನ್ನ ತೆಗೆದುಹಾಕಿ ಉಳಿದೆರಡರಲ್ಲಿ ಒಂದಕ್ಕೆ ಹಾಕಿದರೆ ಸರಾಸರಿ ಒಂದೂವರೆ ಅಂಕ ಲಾಭವೇ. ಆ 17ಕ್ಕೆ ನಾನು ಅವಳನ್ನ ಬೈಯಲಿಲ್ಲ.) ಆ 34ರಲ್ಲಿ ಹೆಚ್ಚಿನವು ಫಿಸಿಕ್ಸ್, ಅದರಲ್ಲೂ ಎರಡನೇ ಪಿಯು ಭಾಗ. ಯಾಕಮ್ಮ ಹಿಂಗೆ ಅಂದೆ. ಅವಳ ಕಾಲೇಜಿಗೆ ಫಿಸಿಕ್ಸ್ ಲೆಕ್ಚರರ್ ಬಂದಿದ್ದೇ ನವೆಂಬರಿನಲ್ಲಂತೆ. ಬಂದವರು ಬೋರ್ಡ್ ಪರೀಕ್ಷೆಗೆ ಬೇಕಾದಷ್ಟು ಓಡಿಸಿ ಮುಗಿಸಿದರು.

ಸ್ವಲ್ಪದರಲ್ಲಿ ತಪ್ಪಿದವರು

ಇಲ್ಲೇ ನನ್ನ ಮಾತು ಅನೇಕರಿಗೆ ಉಲ್ಟಾ ಅನ್ನಿಸೋದು. ಸ್ವಲ್ಪದರಲ್ಲಿ ತಪ್ಪಿದವರು ಖಂಡಿತ ಮತ್ತೆ ಬರೀಬೇಕು, ದೂರ ಉಳಿದವರು ಕೈಬಿಡಬೇಕು ಅಂತ ಎಲ್ಲರೂ ನಂಬಿದ್ದಾರೆ. ನಾನು ನೋಡಿದ ಮಟ್ಟಿಗೆ ದೂರ ಎಷ್ಟು ಅನ್ನೋದಕ್ಕಿಂತ ಅಂಕ ಸೋರಿದ್ದು ಎಲ್ಲಿ ಅನ್ನೋದು ಮುಖ್ಯ. ಕಲಿಯದೆ ಹೋದದ್ದನ್ನ ಒಂದು ವರ್ಷದಲ್ಲಿ ಕಲೀಬಹುದು. ಕೈತಪ್ಪಿ ಹೋದದ್ದು ಇನ್ನೊಂದು ವರ್ಷ ಓದಿದ ಮಾತ್ರಕ್ಕೆ ನಿಲ್ಲಲ್ಲ. ಅದು ಓದಿಗೆ ಸಂಬಂಧಿಸಿದ್ದೇ ಅಲ್ಲ. ನನ್ನ ಒಬ್ಬ ವಿದ್ಯಾರ್ಥಿಗೆ ಪಾಠದಲ್ಲಿ ಗೊತ್ತಿಲ್ಲದ್ದು ಅಂತ ಹೆಚ್ಚೇನೂ ಇರಲಿಲ್ಲ. "ಎಲ್ಲಾ ಸಿಲ್ಲಿ ಮಿಸ್ಟೇಕು ಮೇಡಂ, ಮುಂದಿನ ಸಲ ಗ್ಯಾರಂಟಿ" ಅಂತ ಮನೆಯವರೆಲ್ಲಾ ಸೇರಿ ಮಂಗಳೂರು ಕಡೆಯ ಹಾಸ್ಟೆಲ್ಲಿಗೆ ಹಾಕಿದರು. ಗೊತ್ತಿದ್ದ ಪಾಠವನ್ನೇ ಮತ್ತೆ ವರ್ಷವಿಡೀ ಕೇಳಿದ. ನವೆಂಬರ್ ಹೊತ್ತಿಗೆ ಅವನಿಗೆ ಪುಸ್ತಕ ನೋಡಿದರೇ ಓಕರಿಕೆ. ಎರಡನೇ ಸಲ ಬಂದ ಅಂಕ ಮೊದಲಿನ ಅಂಕಕ್ಕೆ ಹತ್ತಿರ ಹತ್ತಿರವೇ. ಈಗ ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಾ ಚೆನ್ನಾಗಿದ್ದಾನೆ. ಆ ಸೀಟು ಮೊದಲ ವರ್ಷವೇ ಸಿಗುತ್ತಿತ್ತು.

ಹಾಗಾಗಿ ಆ ಅಪ್ಪನಿಗೆ ಹೇಳಿದೆ, ನಿಮ್ಮ ಮಗಳ ವಿಷಯದಲ್ಲಿ ಒಂದು ವರ್ಷಕ್ಕೆ ಮಾಡೋ ಕೆಲಸ ಇದೆ. ಫಿಸಿಕ್ಸ್ ಮೊದಲಿಂದ ಪಾಠ ಮಾಡುವವರೊಬ್ಬರು ಸಿಕ್ಕಿದರೆ ಕೂರಿಸಬಹುದು. ಸಿಗದಿದ್ದರೆ ಬೇಡ.

ಪೇಪರ್ ಹೆಂಗೆ ಬರುತ್ತೋ

"ಹಂಗಾರೆ ಮುಂದಿನ್ ವರ್ಸ ಎಷ್ಟ್ ಬಂದ್ರೆ ಸೀಟು?" ಅಂದರು ಅವರು. ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಕ್ಕಳಿಗೆ 720ಕ್ಕೆ 720. ಗ್ರೇಸ್ ಅಂಕದ ಗಲಾಟೆ, 1,563 ಮಕ್ಕಳಿಗೆ ಮರುಪರೀಕ್ಷೆ, ಒಂದು ಫಿಸಿಕ್ಸ್ ಪ್ರಶ್ನೆಯ ಉತ್ತರ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು, ಇಷ್ಟೆಲ್ಲಾ ಆದ ಮೇಲೆ ಆ ಸಂಖ್ಯೆ 17ಕ್ಕೆ ಇಳಿಯಿತು. ಮರು ವರ್ಷ ದೇಶಕ್ಕೇ ಮೊದಲು ಬಂದವರ ಅಂಕ 686. 650 ದಾಟಿದವರು ಇಡೀ ದೇಶದಲ್ಲಿ 73 ಜನ. 2024ರಲ್ಲಿ 650 ತೆಗೆದು ಸಾಲದು ಅಂತ ಅತ್ತ ಮಕ್ಕಳನ್ನ ನಾನೇ ಕಂಡಿದ್ದೇನೆ. ಅವರಲ್ಲಿ ಕೆಲವರು 2025ಕ್ಕೆ ಮತ್ತೆ ಕೂತರು. 650 ಇರಲಿ, 550 ಬಂದಾಗ ಎಲ್ಲಾ ಮುಗೀತು ಅಂತ ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಆಮೇಲೆ ರ‍್ಯಾಂಕ್ ನೋಡಿದರೆ ಹಿಂದಿನ ವರ್ಷಕ್ಕಿಂತ ಮೇಲೆ ಬಂದಿದ್ದರು. ಗೋಡೆಗೆ "ಟಾರ್ಗೆಟ್ 650" ಅಂತ ಅಂಟಿಸಿಕೊಳ್ಳುವವರಿಗೆ ನಾನು ಇದನ್ನೇ ಹೇಳೋದು. ಪೇಪರಿನ ರೂಪವೂ ಹಾಗೇ ಇರಲ್ಲ. 2024ರವರೆಗೆ 200 ಪ್ರಶ್ನೆ ಕೊಟ್ಟು 180 ಆರಿಸಿಕೊಳ್ಳಿ ಅನ್ನುತ್ತಿದ್ದರು, ಸಮಯ 200 ನಿಮಿಷ. 2025ಕ್ಕೆ ಆಯ್ಕೆ ಹೋಯ್ತು, ಆ 20 ನಿಮಿಷವೂ ಹೋಯ್ತು.

ಸಿಇಟಿಯವರ ಪಾಡೂ ಸಲೀಸಲ್ಲ. 2024ರ ಸಿಇಟಿಯಲ್ಲಿ ಸಿಲಬಸ್‌ನಲ್ಲೇ ಇಲ್ಲದ ಪ್ರಶ್ನೆ ಬಂದು 50 ಪ್ರಶ್ನೆಗಳನ್ನ ಲೆಕ್ಕದಿಂದ ಬಿಡಬೇಕಾಯ್ತು. ಅದಕ್ಕೂ ಮೊದಲು 2022ರಲ್ಲಿ ರಿಪೀಟರ್ಸ್‌ಗೆ ದೊಡ್ಡ ಪೆಟ್ಟೇ ಬಿದ್ದಿತ್ತು. ಕೋವಿಡ್‌ನಿಂದ 2021ರಲ್ಲಿ ಪಿಯು ಪರೀಕ್ಷೆ ನಡೆದಿರಲಿಲ್ಲವಲ್ಲ, ಆ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಹಿಡಿಯಲೇ ಇಲ್ಲ. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕ್ ಪಾತಾಳಕ್ಕೆ ಹೋಯ್ತು. ಹೈಕೋರ್ಟಿಗೆ ಹೋಗಿ, ಪಿಯು ಅಂಕದಲ್ಲಿ ಸ್ವಲ್ಪ ಕಳೆದು ಲೆಕ್ಕಕ್ಕೆ ಹಿಡಿಯುವ ಸೂತ್ರ ಒಪ್ಪಿಗೆ ಆಗುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ವರ್ಷವಿಡೀ ಓದಿದ ಮಕ್ಕಳು ಅವರು. ಅವರ ತಪ್ಪು ಏನಿತ್ತು ಹೇಳಿ?

ಇಷ್ಟನ್ನೂ ಕೇಳಿಸಿಕೊಂಡು ಆ ಅಪ್ಪ, "ಕಬ್ಬು ಇದ್ದಂಗೇ ಬುಡಿ ಮೇಡಂ. ನೆಡದು ನಾವು, ರೇಟ್ ಕಟ್ಟದು ಇನ್ಯಾರೋ" ಅಂದರು. ಹಾಗಂತ ಅವರೇನೂ ಕಬ್ಬು ನೆಡೋದು ಬಿಟ್ಟವರಲ್ಲ.

ಅಣ್ಣನಿಗೆ ಯಾರೂ ಕೇಳಲಿಲ್ಲ

"ಒಂದು ವರ್ಷ ತಾನೆ" ಅನ್ನುವವರು ಆ ವರ್ಷದ ಬಿಲ್ ನೋಡಿರಲ್ಲ. ಹಾಸ್ಟೆಲ್ ಸೇರಿದರೆ ಲಕ್ಷದ ಮಾತು. ಕಬ್ಬು ಕಡಿದು, ಲಾರಿ ಹೋಗಿ, ದುಡ್ಡು ಕೈಗೆ ಬರೋದು ಯಾವಾಗಲೋ. ಕೋಚಿಂಗ್ ಫೀಸ್ ಮೊದಲ ಕಂತು ಸೇರುವ ದಿನವೇ ಕಟ್ಟಬೇಕು. ದುಡ್ಡಿನದು ಹೆಂಗೋ ಆಗುತ್ತೆ. ಊರಲ್ಲಿ ತಲೆ ಎತ್ತಿ ಓಡಾಡೋದು ಇನ್ನೂ ಕಷ್ಟ. ಜೊತೆಯವರೆಲ್ಲಾ ಕಾಲೇಜಿನ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಬಸ್ ಹತ್ತುತ್ತಾರೆ. ಇವನು ಅದೇ ಪಿಯು ಪುಸ್ತಕ ಹಿಡಿದಿರುತ್ತಾನೆ. ಅರಳಿಕಟ್ಟೆಯಿಂದ ಯಾರೋ ಒಬ್ಬರು ಕೂಗಿ ಕೇಳೇ ಕೇಳುತ್ತಾರೆ, "ಏನ್ಲಾ, ಓದ್ತಾ ಇದ್ದೀಯಾ, ಬುಟ್ಬುಟ್ಯಾ?" ಹತ್ತೊಂಬತ್ತು ವರ್ಷದ ಹುಡುಗ ಅದಕ್ಕೆ ಏನಂತ ಉತ್ತರ ಕೊಡಬೇಕು?

ಹುಡುಗಿಯರಿಗೆ ಈ ಬಿಲ್ಲಿನಲ್ಲಿ ಇನ್ನೊಂದು ಸಾಲು ಜಾಸ್ತಿ. ಅವತ್ತು ಸ್ಟಾಫ್ ರೂಮಿನಲ್ಲಿ ಅಪ್ಪ ಎಲ್ಲಾ ಕೇಳಿದ ಮೇಲೆ ದನಿ ತಗ್ಗಿಸಿ, "ಅವರವ್ವಂಗೆ ಇಷ್ಟ ಇಲ್ಲ ಮೇಡಂ. ಹೆಣ್ಣೈಕ್ಳು, ಎಂಬಿಬಿಎಸ್ ಅಂದ್ರೆ ಐದೂವರೆ ವರ್ಸ, ಅದ್ರ ಮ್ಯಾಲ್ ಇದೊಂದ್ ವರ್ಸ" ಅಂದರು. ಅಲ್ಲಿವರೆಗೆ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ಹುಡುಗಿ ಆಗ ಬಾಯಿ ಬಿಟ್ಟಳು. "ಅಣ್ಣ ಎರಡ್ ವರ್ಷ ಕೂತಿದ್ನಲ್ಲ ಮೇಡಂ, ಅವನಿಗೆ ಯಾರೂ ಕೇಳ್ಲಿಲ್ಲ." ಅಣ್ಣ ಡಿಪ್ಲೊಮಾದಲ್ಲಿ ಉಳಿದ ಸಬ್ಜೆಕ್ಟ್ ಕಟ್ಟುತ್ತಾ ಎರಡು ವರ್ಷ ಮನೆಯಲ್ಲಿದ್ದನಂತೆ. ಅಪ್ಪ ಏನೂ ಹೇಳಲಿಲ್ಲ. ಅಟೆಂಡರ್ ಕಿಟಕಿ ಆಚೆ ನೋಡಿದರು. ನಾನೂ ಸುಮ್ಮನಿದ್ದೆ, ಆದರೆ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನಮ್ಮ ಕಡೆ ಗಂಡು ಮಕ್ಕಳು ಮತ್ತೆ ಬರೆಯೋದು ಪ್ರಯತ್ನ, ಹೆಣ್ಣು ಮಕ್ಕಳು ಮತ್ತೆ ಬರೆಯೋದು ಹಠ. ನನ್ನ ಹತ್ತಿರ ಲಾಂಗ್ ಟರ್ಮ್ ಬಗ್ಗೆ ಕೇಳಿಕೊಂಡು ಬರುವವರಲ್ಲಿ ಗಂಡು ಮಕ್ಕಳ ಅಪ್ಪ ಅಮ್ಮಂದಿರೇ ಜಾಸ್ತಿ. ಕ್ಲಾಸಿನಲ್ಲಿ ಚೆನ್ನಾಗಿ ಓದುವ ಹುಡುಗಿಯರ ಮನೆಯವರು ಕೇಳೋಕೇ ಬರಲ್ಲ, ಸಿಕ್ಕಿದ್ದಕ್ಕೆ ಸೇರಿಸಿ ಸುಮ್ಮನಾಗುತ್ತಾರೆ.

ಸೇರಿಕೊಂಡು ಬರೆಯೋದು

ಮಧ್ಯದ ದಾರಿ ಒಂದಿದೆ ಅಂತ ಹೇಳುವವರಿದ್ದಾರೆ. ಯಾವುದೋ ಬಿಎಸ್ಸಿಗೆ ಸೇರಿಕೊಂಡು, ಅಲ್ಲಿದ್ದುಕೊಂಡೇ ಮತ್ತೆ ನೀಟ್ ಬರೆಯೋದು. ಕೈಯಲ್ಲಿ ಒಂದು ಸೀಟಿರುತ್ತೆ, ಊರವರ ಬಾಯಿಗೂ ಬೀಗ. ನಾನು ಕಂಡಂತೆ ಹೆಚ್ಚಿನವರಿಗೆ ಎರಡೂ ಅರ್ಧಂಬರ್ಧ ಆಗುತ್ತೆ. ಸೆಮಿಸ್ಟರ್ ಪರೀಕ್ಷೆ, ಪ್ರಾಕ್ಟಿಕಲ್ ರೆಕಾರ್ಡ್, ಇವುಗಳ ಮಧ್ಯೆ ನೀಟ್ ಪುಸ್ತಕ ಚೀಲದಲ್ಲೇ ಉಳಿಯುತ್ತೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದನೇದು ಒಪ್ಪಿಕೊಂಡು ಸೇರೋದು. ಎರಡು, ಇದನ್ನ ಇಟ್ಟುಕೊಂಡು ಮುಂದಿನ ಸುತ್ತಲ್ಲಿ ಇನ್ನೂ ಮೇಲಿನದಕ್ಕೆ ಕಾಯೋದು. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಇರ್ತೀನಿ ಅನ್ನೋದು. ನಾಲ್ಕು, ಆಟದಿಂದಲೇ ಹೊರಗೆ. ಜನ ಎರಡರ ಮೇಲೆ ಬೆರಳಿಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಲಾಂಗ್ ಟರ್ಮ್ ಬ್ಯಾಚಿನಲ್ಲಿ ಅರ್ಧ ಸಿಲಬಸ್ ಮುಗಿದಿರುತ್ತೆ. ಕೂರೋದಾದರೆ ಜುಲೈನಲ್ಲೇ ಕೂರಬೇಕು.

ಮತ್ತೆ ಬರೆಯದೆ ಗೆದ್ದವನೂ ಒಬ್ಬ ಇದ್ದಾನೆ. ಪಾಂಡವಪುರ ಕಡೆಯ ರೈತರ ಮಗ. ಅಪ್ಪ ಲಾಂಗ್ ಟರ್ಮ್ ಅಂತ ಪಟ್ಟು ಹಿಡಿದಿದ್ದರು. ಇವನು ಸುಮ್ನೆ ಕೃಷಿಕರ ಕೋಟಾದಲ್ಲಿ ಬಿಎಸ್ಸಿ ಅಗ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಮಂಡ್ಯದ ಕೃಷಿ ಕಾಲೇಜಿರುವ ವಿ.ಸಿ. ಫಾರಂಗೆ ಹೋಗಿ ಬಂದ. ಮೇಜಿನ ಮೇಲೆ ಬೀಜ, ಗೊಬ್ಬರ, ಹತಾರ ಇಟ್ಟು ಹೆಸರು ಬರೀರಿ ಅಂದರಂತೆ. "ಮೇಡಂ, ಕೂರಿಗೆ ನೋಡಿ ಪಕ್ಕದವನು ತಲೆ ಕೆರೀತಿದ್ದ. ನಮ್ಮನೆ ಅಟ್ಟದ ಮೇಲೆ ಅದೇ ಬಿದ್ದದೆ" ಅಂತ ನಗುತ್ತಾ ಹೇಳಿದ. ಸೀಟು ಸಿಕ್ಕಿತು, ಸೇರಿದ, ನೀಟ್ ಮಾತು ಮತ್ತೆ ಎತ್ತಲಿಲ್ಲ. ಅವನಿಗೆ ಡಾಕ್ಟರ್ ಆಗೋ ಆಸೆ ಮೊದಲಿಂದಲೂ ಇರಲಿಲ್ಲ, ಅಪ್ಪನಿಗಿತ್ತು. ಇದನ್ನ ಪತ್ತೆ ಮಾಡೋಕೆ ಯಾವ ಬುಕ್‌ಲೆಟ್ಟೂ ಬೇಕಿರಲಿಲ್ಲ, ಹುಡುಗನನ್ನ ಒಬ್ಬನನ್ನೇ ಕೂರಿಸಿ ಕೇಳಿದ್ದರೆ ಸಾಕಿತ್ತು.

ಕೆರಗೋಡು ಕಡೆಯ ಹುಡುಗಿ ಆಯುರ್ವೇದ ಸೀಟು ಬಿಟ್ಟಳು. ಹಾಸ್ಟೆಲ್ ಬೇಡ ಅಂತ ಅವಳೇ ಹೇಳಿದಳಂತೆ. ಮನೆಯಿಂದಲೇ ಮಂಡ್ಯಕ್ಕೆ ಬಂದು ಹೋಗುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ. ಫಿಸಿಕ್ಸ್‌ಗೆ ರಿಟೈರ್ ಆದ ಮೇಷ್ಟ್ರೊಬ್ಬರು ಸಿಕ್ಕಿದ್ದಾರೆ, ಮೊದಲಿಂದ ಹೇಳಿಕೊಡುತ್ತಿದ್ದಾರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕೋ ಕೆಲಸ ಈಗ ಅಣ್ಣನದು. ಅವರವ್ವ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ, ಆದರೆ ಬುತ್ತಿ ಕಟ್ಟಿ ಕೊಡುತ್ತಾರೆ. ಶನಿವಾರ ಮಧ್ಯಾಹ್ನ ವಾರದ ಟೆಸ್ಟ್ ಪೇಪರ್ ತಗೊಂಡು ಸ್ಟಾಫ್ ರೂಮಿಗೆ ಬರುತ್ತಾಳೆ. ಒಟ್ಟು ಅಂಕ ನಾನು ಕೇಳಲ್ಲ. ತಪ್ಪಾದದ್ದನ್ನ ಅದೇ ಥರ ಮೂರು ಗುಂಪು ಮಾಡುತ್ತೇವೆ. ಕಲಿತಿಲ್ಲದ್ದು ಕರಗುತ್ತಾ ಬಂದಿದೆ, ಫಿಸಿಕ್ಸ್‌ನಲ್ಲಂತೂ ಕಣ್ಣಿಗೆ ಕಾಣುವ ಹಾಗೆ. ಕೈತಪ್ಪಿದ್ದು ಮಾತ್ರ ಮೊದಲು ಎಷ್ಟಿತ್ತೋ ಹೆಚ್ಚು ಕಡಿಮೆ ಅಷ್ಟೇ ಇದೆ. ಕಳೆದ ಶನಿವಾರ ಮತ್ತೆ ತಪ್ಪು ಹೇಳಿಕೆ ಕೇಳಿದ್ದಕ್ಕೆ ಸರಿ ಹೇಳಿಕೆ ಬರೆದು ಬಂದಿದ್ದಳು. ತೋರಿಸಿದೆ. ನಾಲಿಗೆ ಕಚ್ಚಿಕೊಂಡಳು. ಪ್ರತಿ ಪ್ರಶ್ನೆಯ ಕೊನೆಯ ಸಾಲನ್ನ ಮೊದಲು ಓದೋ ಅಭ್ಯಾಸ ಮಾಡು, ಮುಂದಿನ ಟೆಸ್ಟಿಗೆ ಬೇರೇನೂ ಯೋಚನೆ ಮಾಡಬೇಡ ಅಂತ ಹೇಳಿ ಕಳಿಸಿದ್ದೇನೆ.